ಷಡ್ಡಕನ ಮಿನಿ ಟ್ರಾಕ್ಟರ್

ಹಳೇಕೋಟೆಯ ಪುಟ್ಟಸ್ವಾಮಿ ಮಿನಿ ಟ್ರಾಕ್ಟರ್ ಕೊಳ್ಳುವ ತೀರ್ಮಾನ ಮಾಡಿ ಮೂರು ವರ್ಷವಾಗಿತ್ತು. ತೀರ್ಮಾನದಲ್ಲಿ ಯಾವ ಸಡಿಲವೂ ಇರಲಿಲ್ಲ. ಟ್ರಾಕ್ಟರೊಂದು ಬಂದಿರಲಿಲ್ಲ, ಅಷ್ಟೇ.

ಅವನಿಗಿದ್ದದ್ದು ಊರಾಚೆ ಒಂದು ತೆಂಗಿನ ತೋಟ, ತೆಂಗಿನ ನಡುವೆ ಬಾಳೆ. ದೊಡ್ಡ ಟ್ರಾಕ್ಟರ್ ಬಾಳೆಯ ಸಾಲಿನೊಳಗೆ ನುಗ್ಗಿದರೆ ನಾಲ್ಕು ಗಿಡ ಕೆಡವಿಕೊಂಡೇ ಆಚೆ ಬರುತ್ತಿತ್ತು. ಬಾಡಿಗೆ ಟಿಲ್ಲರಿನವನು ಕರೆದ ದಿನ ಬರುತ್ತಿರಲಿಲ್ಲ. ಬಂದ ದಿನ ಮಳೆ ಹುಯ್ಯುತ್ತಿತ್ತು. ಹಾಗಾಗಿ ಸಾಲಿನೊಳಗೆ ಸಲೀಸಾಗಿ ಓಡಾಡುವ ಚಿಕ್ಕ ಟ್ರಾಕ್ಟರ್ ಬೇಕೆನ್ನುವುದು ನ್ಯಾಯವಾದ ಮಾತೇ. ಆದರೆ ಯಾವುದು? ಹಾಸನದಲ್ಲಿ ನೋಡಿದ್ದರ ಇಂಜಿನ್ ಶಬ್ದ ಅವನಿಗೆ ಹಿಡಿಸಲಿಲ್ಲ. ಅರಕಲಗೂಡಿನಲ್ಲಿ ನೋಡಿದ್ದರ ಸೀಟು ಎತ್ತರವಾಯಿತು. ಹೊಳೆನರಸೀಪುರದಲ್ಲಿ ನೋಡಿದ್ದರಲ್ಲಿ ಎಲ್ಲವೂ ಸರಿಯಾಗಿತ್ತು. ಎಲ್ಲವೂ ಸರಿಯಿದ್ದರೆ ಒಳಗೇನೋ ಮೋಸವಿರಬೇಕು ಎಂದು ಎದ್ದು ಬಂದ. ಚನ್ನರಾಯಪಟ್ಟಣದ ಶೋರೂಮಿನ ಸೇಲ್ಸ್ ಹುಡುಗರು ಅವನನ್ನು ದೂರದಲ್ಲಿ ಕಂಡರೇ ಊಟಕ್ಕೆ ಹೊರಡುತ್ತಿದ್ದರು, ಬೆಳಗಿನ ಹತ್ತು ಗಂಟೆಯಾಗಿದ್ದರೂ.

ಇಷ್ಟೆಲ್ಲ ತಿರುಗಿದ್ದಕ್ಕೆ ಒಂದು ಲಾಭವಾಗಿತ್ತು. ಟ್ರಾಕ್ಟರಿಲ್ಲದ ಪುಟ್ಟಸ್ವಾಮಿ ಟ್ರಾಕ್ಟರ್ ವಿಷಯದಲ್ಲಿ ಸುತ್ತಿನ ಊರುಗಳಿಗೆಲ್ಲ ದೊಡ್ಡ ಮನುಷ್ಯನಾಗಿಬಿಟ್ಟಿದ್ದ. ಎಷ್ಟು ಎಚ್‌ಪಿ, ನಾಲ್ಕೂ ಚಕ್ರ ಎಳೆಯಬೇಕೋ ಹಿಂದಿನೆರಡೇ ಸಾಕೋ, ಮಣ್ಣು ಪುಡಿಮಾಡುವ ರೋಟವೇಟರ್ ಎಷ್ಟು ಅಗಲ, ಲಿಫ್ಟು ಎಷ್ಟು ಭಾರ ಎತ್ತುತ್ತದೆ, ಎಲ್ಲವೂ ಅವನ ನಾಲಗೆಯ ತುದಿಯಲ್ಲಿತ್ತು. ಕೊಳ್ಳುವವರು ಮೊದಲು ಅವನನ್ನು ಕೇಳುತ್ತಿದ್ದರು. ಕೇಳಿಕೊಂಡು ಹೋಗಿ ಬೇರೆಯದನ್ನು ಕೊಳ್ಳುತ್ತಿದ್ದರು. ಕೊಂಡಿದ್ದು ಕೆಟ್ಟರೆ ತನ್ನ ಮಾತು ಕೇಳಲಿಲ್ಲ ಎನ್ನುವುದಕ್ಕೂ, ಕೆಡದಿದ್ದರೆ ಇನ್ನೂ ಕಾದು ನೋಡಿ ಎನ್ನುವುದಕ್ಕೂ ಅವನಿಗೆ ಅನುಕೂಲವಾಗಿತ್ತು.

ಅವನ ಬದುಕಿನಲ್ಲಿ ಇದ್ದ ಒಂದೇ ಮುಳ್ಳು ಷಡ್ಡಕ ಶಶಿಕುಮಾರ್. ಹೆಂಡತಿ ಲಕ್ಷ್ಮಿದೇವಮ್ಮನ ತಂಗಿಯ ಗಂಡ, ದಂಡಿಗನಹಳ್ಳಿಯವನು. ಪುಟ್ಟಸ್ವಾಮಿಯ ಲೆಕ್ಕದಲ್ಲಿ ಶಶಿಕುಮಾರ್ ಏನೂ ತಿಳಿಯದ ಮನುಷ್ಯ, ಆದರೆ ಮುಟ್ಟಿದ್ದೆಲ್ಲ ಅವನಿಗೆ ಕೈ ಹತ್ತುತ್ತಿತ್ತು. ಪುಟ್ಟಸ್ವಾಮಿ ಶಾಸ್ತ್ರ ಕೇಳಿ, ಜಾಗ ಗುರುತು ಹಾಕಿಸಿ ಕೊರೆಸಿದ ಬೋರಿನಲ್ಲಿ ಧೂಳು ಬಂತು. ಶಶಿಕುಮಾರ್ ಲಾರಿ ನಿಲ್ಲಿಸಲು ಜಾಗವಿದೆಯೆಂದು ಎಲ್ಲೋ ಒಂದು ಕಡೆ ಕೊರೆಸಿದ, ನೀರು ಲಾರಿಯನ್ನೇ ತೋಯಿಸಿತು. ಕೊಣನೂರಿನ ಅತ್ತೆ ರೇವಮ್ಮ ಹಬ್ಬಕ್ಕೆ ಕರೆದಾಗ ಮುದ್ದೆಯನ್ನು ಮೊದಲು ದೊಡ್ಡಳಿಯನ ತಟ್ಟೆಗೇ ಇಡುತ್ತಿದ್ದರು, ನಿಜ. ಆದರೆ ಸಾರಿನೊಳಗಿನ ಒಳ್ಳೆಯ ತುಂಡು ಚಿಕ್ಕಳಿಯನ ಕಡೆಗೆ ಹೋಗುತ್ತದೆಂಬುದನ್ನು ಪುಟ್ಟಸ್ವಾಮಿ ಎಷ್ಟೋ ವರ್ಷದಿಂದ ಗಮನಿಸಿಕೊಂಡು ಬಂದಿದ್ದ.

ಹೀಗಿರುವಾಗ ಒಂದು ಸೋಮವಾರ ಗೊಬ್ಬರದಂಗಡಿ ಚಂದ್ರಶೇಖರಯ್ಯನವರು ಯೂರಿಯಾ ಮೂಟೆ ಎತ್ತಿಸಿಕೊಡುತ್ತಾ ಒಂದು ಸುದ್ದಿ ಹೇಳಿದರು. ಅಂಗಡಿಗೆ ಮಾಲು ತರಲು ಚನ್ನರಾಯಪಟ್ಟಣಕ್ಕೆ ಹೋಗಿದ್ದಾಗ ಟ್ರಾಕ್ಟರ್ ಶೋರೂಮಿನಲ್ಲಿ ಪುಟ್ಟಸ್ವಾಮಿಯ ಷಡ್ಡಕ ಕುಳಿತಿದ್ದರಂತೆ. ಹೊರಗಲ್ಲ, ಒಳಗಿನ ಗಾಜಿನ ಕೋಣೆಯಲ್ಲಿ. ಮಾಲೀಕರು ಕಾಫಿ ತರಿಸಿಕೊಟ್ಟು, ಹೊರಡುವಾಗ ಬಾಗಿಲವರೆಗೂ ಬಂದು ಕಳಿಸಿದರಂತೆ.

ಪುಟ್ಟಸ್ವಾಮಿಗೆ ಮೂಟೆ ಬೆನ್ನ ಮೇಲೆ ಬಿದ್ದಂತಾಯಿತು. ಅದೇ ಶೋರೂಮಿಗೆ ಅವನು ಮೂರು ವರ್ಷ ಅಲೆದಿದ್ದ. ಅವನಿಗೆ ಅಲ್ಲಿ ಸಿಕ್ಕಿದ್ದು ಬಣ್ಣದ ಕರಪತ್ರ, ಒಂದು ಸಲ ಕೀ ಬಂಚು. ಕಾಫಿ ಹೋಗಲಿ, ನೀರು ಕೂಡ ಅವನೇ ಹೋಗಿ ಹಿಡಿದುಕೊಂಡು ಕುಡಿದಿದ್ದ. ಅದಕ್ಕಿಂತ ಹೆಚ್ಚಾಗಿ, ಸೀಮೆಗೆಲ್ಲ ಸಲಹೆ ಕೊಡುವ ತನ್ನನ್ನು ಬಿಟ್ಟು ಷಡ್ಡಕ ಒಬ್ಬನೇ ಹೋಗಿ ಟ್ರಾಕ್ಟರ್ ನೋಡಿದ್ದಾನೆಂದರೆ ಅದು ಅವಮಾನವಲ್ಲದೆ ಮತ್ತೇನು?

ಮನೆಗೆ ಬಂದವನೇ ಫೋನು ಮಾಡಿದ. ಸುಮ್ಮನೆ ಕ್ಷೇಮ ಕೇಳುವವನಂತೆ ಶುರುಮಾಡಿ, "ಚನ್ನರಾಯಪಟ್ಟಣದಲ್ಲಿ ಏನೋ ನೋಡ್ಕಂಡ್ ಬಂದೆಯಂತೆ, ಶಶಿ" ಎಂದ.

ಆ ಕಡೆ ಶಶಿಕುಮಾರ್ ಫೋನು ಹಿಡಿದುಕೊಂಡೇ ಮನೆಯಿಂದ ಹೊರಗೆ ಬಂದ. "ನಿಮ್ಗ್ ಯಾರೇಳಿದ್ರಣ್ಣ? ಆಗೋಗಂಟ ಯಾರ್ಗೂ ಗೊತ್ತಾಗದು ಬ್ಯಾಡ ಅಂತಿದ್ವಿ. ಔದು, ನೋಡ್ಕಂಡ್ ಬಂದೋ. ಗಟ್ಟಿಮುಟ್ಟಾಗೈತೆ. ಕುಡಿಯೋದ್ರ ಬಗ್ಗೆನೂ ವಿಚಾರಿಸ್ದೆ, ಯೋಚ್ನೆ ಮಾಡಂಗೇ ಇಲ್ಲ ಅಂದ್ರು."

"ಸೆಕೆಂಡ್ ಹ್ಯಾಂಡ್ ಅಲ್ಲ ತಾನೆ?"

"ಎಂಥ ಮಾತಣ್ಣ" ಎಂದ ಶಶಿಕುಮಾರ್, ಸ್ವಲ್ಪ ನೊಂದುಕೊಂಡು. "ಅಂಥದ್ಕೆಲ್ಲ ನಾವು ಓಗ್ತೀವಾ?" ಆಮೇಲೆ ದನಿ ತಗ್ಗಿಸಿ, ಅದೇ ಜಾಗದಲ್ಲಿ ಇನ್ನೊಂದಿದೆ, ಸ್ವಲ್ಪ ಚಿಕ್ಕದು, ಬೇಕಾದರೆ ಅಣ್ಣನ ಮನೆಗೆ ಅದನ್ನು ಮಾತಾಡುತ್ತೇನೆ ಎಂದೂ ಸೇರಿಸಿದ.

ಶಶಿಕುಮಾರನ ಮಗಳು ಭವ್ಯಶ್ರೀಗೆ ಗಂಡು ನೋಡುತ್ತಿದ್ದರು. ಶೋರೂಮಿನ ಮಾಲೀಕ ಬೋರೇಗೌಡರ ದೊಡ್ಡ ಮಗ ರಜನೀಶನನ್ನು ನೋಡಿ, ಮಾತು ಹೆಚ್ಚುಕಡಿಮೆ ಮುಗಿದಿತ್ತು. ಚಿಕ್ಕದೆಂದು ಶಶಿಕುಮಾರ್ ಹೇಳಿದ್ದು ರಜನೀಶನ ತಮ್ಮನನ್ನು, ಅದೂ ಪುಟ್ಟಸ್ವಾಮಿಯ ಮಗಳು ಸ್ಪಂದನಾಳ ಮೇಲಿನ ಅಕ್ಕರೆಯಿಂದ. ಇದನ್ನು ಓದುಗರಿಗೆ ಈಗಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ಪುಟ್ಟಸ್ವಾಮಿಗೆ ಇದು ತಿಳಿಯುವುದು ತಡವಾಗುತ್ತದೆ.

ಅವನ ತಲೆಯಲ್ಲಿ ಉಳಿದದ್ದು ಒಂದೇ ಮಾತು, ಚಿಕ್ಕದು. ದೊಡ್ಡಳಿಯನಿಗೆ ಚಿಕ್ಕ ಟ್ರಾಕ್ಟರ್, ಚಿಕ್ಕಳಿಯನಿಗೆ ದೊಡ್ಡ ಟ್ರಾಕ್ಟರ್. ಮಧ್ಯಾಹ್ನದ ಊಟ ಸೇರಲಿಲ್ಲ. ಲಕ್ಷ್ಮಿದೇವಮ್ಮ ಏನಾಯಿತೆಂದು ಕೇಳಿದ್ದಕ್ಕೆ, ನಿನ್ನ ತಂಗಿ ಮನೆಯವರ ಬುದ್ಧಿ ಇವತ್ತು ಗೊತ್ತಾಯಿತು ಎಂದ. ಆಕೆಗೆ ಇದು ಹಬ್ಬಕ್ಕೊಮ್ಮೆ ಕೇಳುವ ಮಾತೇ ಆದ್ದರಿಂದ ಮತ್ತೇನೂ ಕೇಳದೆ ತಟ್ಟೆ ಎತ್ತಿಟ್ಟಳು.

ಮಾರನೆಯ ದಿನ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಪುಟ್ಟಸ್ವಾಮಿ ಚನ್ನರಾಯಪಟ್ಟಣದ ಬಸ್ಸು ಹತ್ತಿದ. ಶೋರೂಮಿನ ಹುಡುಗರು ಎಂದಿನಂತೆ ಊಟಕ್ಕೆ ಎದ್ದರು. ಅವನು ಅವರ ಕಡೆ ನೋಡಲೂ ಇಲ್ಲ. ದಂಡಿಗನಹಳ್ಳಿ ಶಶಿಕುಮಾರರ ಷಡ್ಡಕ, ಮಾಲೀಕರ ಹತ್ತಿರವೇ ಮಾತಾಡಬೇಕು ಎಂದ. ಆ ಹೆಸರು ಹೇಳಿದ್ದೇ ತಡ, ಗಾಜಿನ ಬಾಗಿಲು ತೆರೆಯಿತು. ಬೋರೇಗೌಡರು ಎದ್ದು ನಿಂತು ಕೈ ಮುಗಿದರು. ಕಾಫಿ ಬಂತು. ಜೊತೆಗೆ ಚೌಚೌ ಕೂಡ ಬಂತು. ಷಡ್ಡಕನಿಗೆ ಚೌಚೌ ಕೊಟ್ಟಿದ್ದರೋ ಇಲ್ಲವೋ ಎಂದು ಕೇಳುವ ಆಸೆಯನ್ನು ಪುಟ್ಟಸ್ವಾಮಿ ತಡೆದುಕೊಂಡ.

"ಗೌಡ್ರೇ, ನೇರವಾಗೇ ಕೇಳ್ತೀನಿ. ನಮ್ಮ ಶಶಿ ನೋಡ್ಕಂಡ್ ಓದ್ನಲ್ಲ, ಅದ್ನ ನಮ್ಮನೆಗೇ ಮಾಡ್ಕೊಡಿ."

ಗೌಡರ ಕೈಯಲ್ಲಿದ್ದ ಲೋಟ ಅರ್ಧ ದಾರಿಯಲ್ಲೇ ನಿಂತಿತು. ಮಾತು ಹೆಚ್ಚುಕಡಿಮೆ ಆಗಿಹೋಗಿದೆಯಲ್ಲ ಎಂದು ತಡವರಿಸಿದರು. ಕಾಗದ ಪತ್ರ ಏನೂ ಆಗಿಲ್ಲವಲ್ಲ ಎಂದ ಪುಟ್ಟಸ್ವಾಮಿ. ತಾನು ಹಿರಿಯಳಿಯ, ಮೊದಲು ತನ್ನ ಮನೆಯಲ್ಲಿ ಆಗುವುದು ಧರ್ಮ, ಶಶಿಗೆ ಬೇಕಾದರೆ ಆ ಚಿಕ್ಕದನ್ನು ತೋರಿಸಿ ಎಂದು ವಿವರಿಸಿದ. ಗೌಡರು ಮನೆಯಲ್ಲಿ ಯಾರು ಯಾರಿದ್ದೀರಿ ಎಂದು ನಿಧಾನವಾಗಿ ಕೇಳಿದರು.

"ಒಬ್ಳೇ ಮಗ್ಳು ಸಾ, ಸ್ಪಂದನಾ. ಬಿಎಸ್ಸಿ ಮಾಡವ್ಳೆ. ತ್ವಾಟ ಎಲ್ಲಾ ಅವ್ಳೇ ನೋಡ್ಕಳದು. ತಂದ ದಿನದಿಂದ ಅವ್ಳ ಕೈಗೇ ಒಪ್ಪಿಸ್ಬುಡ್ತೀನಿ. ಅವ್ಳು ಎಂಗೆ ತಿರುಗ್ಸಿದ್ರೆ ಅಂಗೆ ತಿರುಗ್ಬೇಕು, ಅಷ್ಟೇಯ."

ಒಬ್ಬಳೇ ಮಗಳು, ತೋಟ. ಬೋರೇಗೌಡರು ಕೆಟ್ಟವರಲ್ಲ, ಆದರೆ ವ್ಯಾಪಾರ ಮಾಡಿ ಬೆಳೆದವರು. ಎರಡನೆಯ ಗಿರಾಕಿ ಬಾಗಿಲಿಗೆ ಬಂದಾಗ ಓಡಿಸಿ ಅಭ್ಯಾಸವಿರಲಿಲ್ಲ. ಅಲ್ಲದೆ ಒಂದು ಮನೆಯ ಇಬ್ಬರು ಅಳಿಯಂದಿರು ತಮ್ಮ ಮಗನಿಗಾಗಿ ಪೈಪೋಟಿ ಮಾಡುತ್ತಿರುವುದು ಯಾವ ತಂದೆಗಾದರೂ ಒಳಗೊಳಗೇ ಹಿಗ್ಗು ತರುವ ವಿಷಯ.

ಪುಟ್ಟಸ್ವಾಮಿ ಕೊನೆಯದಾಗಿ ಅಟ್ಯಾಚ್‌ಮೆಂಟಿನ ಕಡೆ ಬಂದ. ರೋಟವೇಟರ್, ಟ್ರೈಲರ್, ಗುಂಡಿ ತೋಡುವ ಯಂತ್ರ, ಏನೇನು ಸೇರಿರುತ್ತದೆ ಎಂಬುದು ಅವನ ಯೋಚನೆ. ಎಲ್ಲ ತಿಳಿದವನಂತೆ ಬೆರಳಾಡಿಸುತ್ತಾ, "ಇಂದ್ಗಡೆ ಏನಾರ ತಗಲಾಕ್ಕಂಡಿರೋದಿದ್ರೆ ಈಗ್ಲೇ ಏಳ್ಬುಡಿ" ಎಂದ.

ಗೌಡರ ಮುಖ ಕೆಂಪಾಯಿತು. ತಮ್ಮ ಕಡೆ ಅಂಥದ್ದು ಯಾವುದೂ ಇಲ್ಲವೆಂದು ಮನೆದೇವರ ಮೇಲೆ ಆಣೆ ಇಟ್ಟು ಹೇಳಿದರು. ಒಂದೂ ಇಲ್ಲವೇ ಎಂದು ಪುಟ್ಟಸ್ವಾಮಿ ನಿರಾಸೆಯಿಂದ ಮತ್ತೆ ಕೇಳಿದ. ಒಂದೂ ಇಲ್ಲ ಎಂದರು ಗೌಡರು, ಇನ್ನೂ ಗಟ್ಟಿಯಾಗಿ. ಹೋಗಲಿ, ಆಮೇಲೆ ತಾನೇ ಒಂದೊಂದಾಗಿ ಸೇರಿಸಿಕೊಳ್ಳುತ್ತೇನೆ ಎಂದು ಪುಟ್ಟಸ್ವಾಮಿ ಸಮಾಧಾನ ಹೇಳಿದಾಗ ಗೌಡರಿಗೆ ಏನು ಅರ್ಥವಾಯಿತೋ, ಏನು ಅರ್ಥ ಮಾಡಿಕೊಳ್ಳಬಾರದು ಎಂದುಕೊಂಡರೋ, ಭಾನುವಾರ ಬೆಳಿಗ್ಗೆ ಬಂದು ನೋಡುತ್ತೇವೆ, ನೋಡುವುದರಲ್ಲಿ ತಪ್ಪೇನಿಲ್ಲ ಎಂದು ಎದ್ದರು. ಬಾಗಿಲವರೆಗೂ ಬಂದು ಕಳಿಸಿದರು.

ಭಾನುವಾರ ಡೆಮೊ ಎಂದು ಪುಟ್ಟಸ್ವಾಮಿ ಊರಿಗೆಲ್ಲ ಸಾರಿದ. ಟ್ರಾಕ್ಟರ್ ಕೊಳ್ಳುವ ಮೊದಲು ಹೊಲಕ್ಕೇ ತಂದು ಓಡಿಸಿ ತೋರಿಸುವುದು ಈಗಿನ ಪದ್ಧತಿ. ಹೊಸದೇನಲ್ಲ. ಆದರೆ ಮಾಲೀಕರೇ ಬರುತ್ತಾರೆಂಬುದು ಹೊಸದು. ಕೊಣನೂರಿಗೆ ಫೋನು ಮಾಡಿ ಅತ್ತೆಯನ್ನು ಕರೆಸಿಕೊಂಡ. ಷಡ್ಡಕನಿಗೂ, ಒಂದು ಸಣ್ಣ ಕಾರ್ಯ ಇಟ್ಟುಕೊಂಡಿದ್ದೇನೆ, ಮನೆಮಂದಿಯೆಲ್ಲ ಬಂದುಬಿಡಿ ಎಂದು ಹೇಳಿದ. ಏನು ಕಾರ್ಯವೆಂದು ಹೇಳಲಿಲ್ಲ. ಷಡ್ಡಕ ತನ್ನ ಕಣ್ಣಾರೆ ನೋಡಿ, ಆ ಜಾಗದಲ್ಲೇ ಹೊಟ್ಟೆ ಉರಿದುಕೊಳ್ಳಬೇಕು ಎಂಬುದು ಅವನ ಆಸೆ.

ಭಾನುವಾರ ತೋಟದ ಬದುವಿನ ಮೇಲೆ ಪ್ಲಾಸ್ಟಿಕ್ ಕುರ್ಚಿಗಳು ಸಾಲಾಗಿ ಬಂದವು. ಚಂದ್ರಶೇಖರಯ್ಯನವರು ಅಂಗಡಿ ಮುಚ್ಚಿ ಬಂದು ಮುಂದಿನ ಕುರ್ಚಿ ಹಿಡಿದರು. ಅತ್ತೆ ರೇವಮ್ಮ ತೆಂಗಿನ ಬುಡದಲ್ಲಿ ಎಲೆಯಡಿಕೆ ಚೀಲ ಬಿಚ್ಚಿ ಕುಳಿತರು. ಪುಟ್ಟಸ್ವಾಮಿ ಒಂದು ಕೈಯಲ್ಲಿ ಡೀಸೆಲ್ ಕ್ಯಾನು, ಇನ್ನೊಂದರಲ್ಲಿ ಅಳತೆ ಟೇಪು ಹಿಡಿದು ನಿಂತ. ಸ್ಪಂದನಾ ಬೆಳಗಿನಿಂದ ಡ್ರಿಪ್ ಪೈಪಿನಲ್ಲಿ ಕಟ್ಟಿಕೊಂಡ ಮಣ್ಣು ತೆಗೆಯುತ್ತಿದ್ದವಳು ಎದ್ದೇ ಬರಲಿಲ್ಲ. ಅಪ್ಪನ ಡೆಮೊಗಳನ್ನು ಅವಳು ಬಹಳ ನೋಡಿದ್ದಳು.

ಎರಡು ಕಾರು ಬಂದು ನಿಂತವು. ಬೋರೇಗೌಡರು ಇಳಿದರು, ಅವರ ಮನೆಯವರು ರೇಷ್ಮೆ ಸೀರೆಯಲ್ಲಿ ಇಳಿದರು, ಹಣ್ಣು ಹೂವಿನ ತಟ್ಟೆಗಳು ಇಳಿದವು, ಬಿಳಿ ಶರ್ಟಿನ ರಜನೀಶ ಇಳಿದ. ಪುಟ್ಟಸ್ವಾಮಿ ಕಾರುಗಳ ಹಿಂದೆ ರಸ್ತೆಯ ತಿರುವಿನವರೆಗೂ ಕಣ್ಣು ಹಾಯಿಸಿದ. ಲಾರಿಯಿಲ್ಲ, ಟ್ರಾಕ್ಟರಿಲ್ಲ.

"ಎಲ್ಲಿ ಗೌಡ್ರೇ, ತರ್ಲಿಲ್ವಾ?"

ಗೌಡರು ಹೆಮ್ಮೆಯಿಂದ ಮಗನ ಭುಜದ ಮೇಲೆ ಕೈ ಇಟ್ಟರು. "ಇಲ್ಲೇ ಐತಲ್ಲ."

ಪುಟ್ಟಸ್ವಾಮಿ ರಜನೀಶನ ಬೆನ್ನ ಹಿಂದೆ ಇಣುಕಿದ. ಅಲ್ಲಿ ಬಾಳೆಗಿಡ ಮಾತ್ರ ಇತ್ತು. ಇವನೇ ಓಡಿಸಿ ತೋರಿಸುವವನಿರಬೇಕು, ಗಾಡಿ ಹಿಂದೆ ಬರುತ್ತಿರಬೇಕು ಎಂದುಕೊಂಡು, ಮೊದಲು ಕೆಸರಿಗೆ ಇಳಿಸಿ ಎಳೆಯುವ ಶಕ್ತಿ ನೋಡಬೇಕು, ಆಮೇಲೆ ಸಾಲಿನೊಳಗೆ ತಿರುಗಿಸಿ ನೋಡಬೇಕು ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಗೌಡರ ಮನೆಯವರು ಮಗನ ಬಿಳಿ ಶರ್ಟನ್ನು ನೋಡಿದರು, ಗಂಡನನ್ನು ನೋಡಿದರು. ಇಂಥ ಶಾಸ್ತ್ರ ನಮ್ಮ ಕಡೆ ಇಲ್ಲವಲ್ಲ ಎಂದು ಮೆಲ್ಲಗೆ ಗೊಣಗಿದರು.

ಮೊದಲು ಅರ್ಥವಾದದ್ದು ಲಕ್ಷ್ಮಿದೇವಮ್ಮನಿಗೆ. ತಟ್ಟೆಯಲ್ಲಿನ ಮಲ್ಲಿಗೆ, ಅರಿಶಿನ ಕುಂಕುಮ ನೋಡಿದವಳೇ ಸೆರಗು ಹೊದ್ದು ಗಂಡನ ಹತ್ತಿರ ಬಂದಳು. "ನೀವು ಇವ್ರನ್ನ ಏನ್ ಅಂತ ಕರ್ದ್ರಿ?" ಎಂದು ಹಲ್ಲು ಕಚ್ಚಿ ಕೇಳಿದಳು. ಅವನು ಬಾಯಿ ತೆರೆಯುವಷ್ಟರಲ್ಲಿ ದಂಡಿಗನಹಳ್ಳಿಯ ಕಾರು ಬಂತು.

ಶಶಿಕುಮಾರ್ ಇಳಿದ. ಹೆಂಡತಿ ಇಳಿದಳು. ಭವ್ಯಶ್ರೀ ಇಳಿದವಳು ರಜನೀಶನನ್ನು ಕಂಡು ಮತ್ತೆ ಕಾರಿನೊಳಗೆ ಹೋಗಿ ಕುಳಿತಳು. ತನ್ನ ಮಗಳಿಗೆ ನೋಡಿದ ಗಂಡು, ಗಂಡಿನ ಅಪ್ಪ, ಅಮ್ಮ, ಹೂವಿನ ತಟ್ಟೆ, ಎಲ್ಲ ಷಡ್ಡಕನ ತೋಟದಲ್ಲಿ. ಶಶಿಕುಮಾರನ ಮುಖದ ಬಣ್ಣ ಇಳಿಯಿತು. ಪುಟ್ಟಸ್ವಾಮಿಗೆ ಮಾತ್ರ ಎದೆ ಉಬ್ಬಿತು. ಅವನು ಕಾದಿದ್ದು ಇದೇ ಮುಖಕ್ಕೆ.

"ಬ್ಯಾಸ್ರ ಮಾಡ್ಕಬ್ಯಾಡ ಶಶಿ" ಎಂದ. "ನೀನು ನೋಡಿದ್ದು ನಿಜ. ಮೊದ್ಲು ಇಡಿದಿದ್ದು ನಾನು. ನಿಂಗೆ ಆ ಚಿಕ್ಕದು ಸಾಕು ಕಣ."

"ಅಣ್ಣ, ನನ್ ಮಗ್ಳಿಗೆ ಗೊತ್ ಮಾಡಿರೋ ಗಂಡು ಅದು."

ಬದುವಿನ ಮೇಲಿನ ಕುರ್ಚಿಗಳೆಲ್ಲ ಒಟ್ಟಿಗೆ ಕಿರ್ರೆಂದವು. ಪುಟ್ಟಸ್ವಾಮಿ ಷಡ್ಡಕನನ್ನು ನೋಡಿದ, ಬಿಳಿ ಶರ್ಟನ್ನು ನೋಡಿದ, ತನ್ನ ಕೈಯಲ್ಲಿದ್ದ ಡೀಸೆಲ್ ಕ್ಯಾನನ್ನು ನೋಡಿದ. ಗಟ್ಟಿಮುಟ್ಟಾಗಿದೆ, ಕುಡಿಯುವುದಿಲ್ಲ, ಸೆಕೆಂಡ್ ಹ್ಯಾಂಡ್ ಅಲ್ಲ. ಒಂದೊಂದೇ ಮಾತು ಅವನ ತಲೆಯೊಳಗೆ ಮಗುಚಿಕೊಂಡು ಬೇರೆ ಮುಖ ತೋರಿಸಿತು. ಕ್ಯಾನನ್ನು ಮೆಲ್ಲಗೆ ಕೆಳಗಿಟ್ಟ.

"ನಾನು ಟ್ರಾಕ್ಟರ್ ಅಂದ್ಕಂಡಿದ್ದೆ" ಎಂದ.

ಇದನ್ನು ಯಾರೂ ಮೊದಲಿಗೆ ನಂಬಲಿಲ್ಲ. ಬೋರೇಗೌಡರು ತಮ್ಮ ಮಗನಿಗೆ ಅವಮಾನವಾಯಿತೆಂದರು. ಹೆಚ್ಚುಕಡಿಮೆ ಒಪ್ಪಿದ ಮೇಲೆ ಇನ್ನೊಂದು ಮನೆಗೆ ಹೂವಿನ ತಟ್ಟೆ ತಂದದ್ದು ಯಾವ ಮಾನವೆಂದು ಶಶಿಕುಮಾರನ ಹೆಂಡತಿ ಕೇಳಿದಳು. ಗೌಡರ ಮನೆಯವರಿಗೂ ಅದೇ ಪ್ರಶ್ನೆ ಇತ್ತು. ರಜನೀಶ ಮಾತ್ರ ತಂದೆಯ ಕಡೆ ತಿರುಗಿ, ಹುಡುಗಿಯ ದೊಡ್ಡಪ್ಪನ ಮನೆಗೆ ಹಿರಿಯರನ್ನು ಮಾತಾಡಿಸಲು ಹೋಗುತ್ತಿದ್ದೇವೆಂದು ನೀವು ಹೇಳಿದ್ದರಿಂದ ಬಂದೆ ಎಂದು ಎಲ್ಲರೆದುರಿಗೇ ಹೇಳಿಬಿಟ್ಟ. ಕಾರಿನ ಕಿಟಕಿಯ ಗಾಜು ನಾಲ್ಕು ಬೆರಳಷ್ಟು ಕೆಳಗಿಳಿಯಿತು.

ಪುಟ್ಟಸ್ವಾಮಿಗೆ ಇನ್ನೂ ಒಂದು ನೋವು ಉಳಿದಿತ್ತು. "ಗಂಡೇ ಆಗ್ಲಿ, ಟ್ರಾಕ್ಟರೇ ಆಗ್ಲಿ. ಇರೀಕನಾದ ನಂಗೊಂದ್ ಮಾತು ಏಳ್ಬಾರ್ದಾಗಿತ್ತಾ?"

"ನಿಮ್ಗ್ ಏಳಿದ್ರೆ ನೀವೂ ನೋಡ್ತೀನಿ ಅಂತೀರ" ಎಂದ ಶಶಿಕುಮಾರ್. "ನೀವು ನೋಡಾಕ್ ಶುರು ಮಾಡಿದ್ರೆ ಮೂರು ವರ್ಷ. ಅಷ್ಟೊತ್ಗೆ ನನ್ ಮಗ್ಳಿಗೆ ತಲೆ ನರೀತದೆ."

ಮೊದಲು ನಕ್ಕವರು ಚಂದ್ರಶೇಖರಯ್ಯನವರು. ಆಮೇಲೆ ಬದುವೆಲ್ಲ ನಕ್ಕಿತು. ಕಾರಿನೊಳಗಿಂದಲೂ ಒಂದು ನಗು ಕೇಳಿತು. ಪುಟ್ಟಸ್ವಾಮಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಶಶಿಕುಮಾರ್ ಸಿಟ್ಟಿನಲ್ಲಿ ಇನ್ನಷ್ಟು ಹೇಳಿದ. ಅತ್ತೆ ತನ್ನ ಮನೆಗೆ ಬಂದಾಗಲೆಲ್ಲ ದೊಡ್ಡಳಿಯನ ಗುಣಗಾನವೇ ಅಂತೆ: ಅವನಿಗೆ ಎಷ್ಟು ತಿಳಿದಿದೆ, ಎಲ್ಲರೂ ಅವನನ್ನೇ ಕೇಳಿಕೊಂಡು ಬರುತ್ತಾರೆ, ನಿನಗೊಂದು ನಟ್ಟು ತಿರುಗಿಸಲು ಬರುವುದಿಲ್ಲ. ಮದುವೆಯ ವಿಷಯವೊಂದನ್ನಾದರೂ ತಾನೇ ಮಾಡಿ ತೋರಿಸಬೇಕೆಂದಿದ್ದನಂತೆ.

ಪುಟ್ಟಸ್ವಾಮಿ ಅತ್ತೆಯ ಕಡೆ ತಿರುಗಿದ. ನಮ್ಮ ಮನೆಗೆ ಬಂದರೆ ಚಿಕ್ಕಳಿಯನ ಬೋರು, ಚಿಕ್ಕಳಿಯನ ಅದೃಷ್ಟ ಎಂದು ಹೇಳುತ್ತಿದ್ದವರು ಇವರೇ ಅಲ್ಲವೇ? ರೇವಮ್ಮ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆ ಎತ್ತಲಿಲ್ಲ. "ಎದ್ರುಗಡೆ ಒಗಳಿದ್ರೆ ಅಳಿಯಂದ್ರು ಕೆಟ್ಟೋಯ್ತಾರೆ ಕಣಪ್ಪ" ಎಂದರು. ಎಲೆ ಮಡಿಸಿ ಬಾಯಿಗಿಟ್ಟು, ತಂದ ಹೂವು ವಾಪಸ್ಸು ಒಯ್ಯುವುದು ಬೇಡ, ಭವ್ಯಶ್ರೀಯನ್ನು ಕಾರಿನಿಂದ ಇಳಿಸಿ ಇಲ್ಲೇ ಮುಡಿಸಿಬಿಡಿ ಎಂದು ಗೌಡರ ಮನೆಯವರಿಗೆ ಹೇಳಿದರು. ಅವರೂ ಅದಕ್ಕೇ ಕಾದಿದ್ದವರಂತೆ ತಟ್ಟೆ ಎತ್ತಿಕೊಂಡರು.

ಸ್ಪಂದನಾ ಕೆಸರಿನ ಬೂಟಿನಲ್ಲಿ ಬಂದದ್ದು ಆಗ. ಒಂದು ಗಂಡು ತನ್ನನ್ನು ನೋಡಲು ಬಂದು ತಂಗಿ ಭವ್ಯಶ್ರೀಗೆ ನಿಶ್ಚಯವಾಗಿ ಮುಗಿದದ್ದು ಅವಳಿಗೆ ತಿಳಿಯುವ ಹೊತ್ತಿಗೆ ಹೂವೂ ಮುಡಿಸಿ ಆಗಿತ್ತು. ಅವಳು ತಂಗಿಯ ಗಲ್ಲಕ್ಕೆ ಕೆಸರು ಹಚ್ಚಿ, ನೇರವಾಗಿ ರಜನೀಶನ ಹತ್ತಿರ ಬಂದು, ಹೇಗೂ ಬಂದಿದ್ದೀರ, ತೋಟ ನೋಡಿ ಎಂದು ಕರೆದುಕೊಂಡು ಹೋದಳು. ಪುಟ್ಟಸ್ವಾಮಿ ಟೇಪು ಹಿಡಿದು ಹಿಂದೆ ಓಡಿದ. ಸ್ಪಂದನಾ, ರಜನೀಶ ಇಬ್ಬರೂ ಬಾಳೆಯ ಸಾಲಿನಲ್ಲಿ ಹೆಜ್ಜೆ ಹಾಕಿ ನೋಡಿದರು, ಬೇಲಿಯ ದಾರಿ ನೋಡಿದರು. ಮೂರಡಿಯ ರೋಟವೇಟರಿಗಿಂತ ಅಗಲವಾದರೆ ಸಾಲಿಗೆ ಇಳಿಯುವುದಿಲ್ಲ, ಮಳೆಗಾಲದ ಜೌಗಿಗೆ ನಾಲ್ಕು ಚಕ್ರದ ಎಳೆತ ಬೇಕು, ಕಾಯಿ ಸಾಗಿಸಲು ಒಂದು ಸಣ್ಣ ಟ್ರೈಲರ್, ಉಳಿದದ್ದೆಲ್ಲ ಶೋಕಿ. ಬದುವಿಗೆ ವಾಪಸ್ಸು ಬರುವಷ್ಟರಲ್ಲಿ ಟ್ರಾಕ್ಟರ್ ಯಾವುದೆಂದು ತೀರ್ಮಾನವಾಗಿತ್ತು. ಅದು ಶೋರೂಮಿನಲ್ಲಿದ್ದುದರಲ್ಲೆಲ್ಲ ಚಿಕ್ಕದು.

ಪುಟ್ಟಸ್ವಾಮಿ ಗಂಟಲು ಸರಿಮಾಡಿಕೊಂಡ. "ಅರಸೀಕೆರೆಲೂ ಒಂದ್ ಸಲ ವಿಚಾರಿಸ್ಬುಟ್ಟು..." ಎಂದು ಶುರುಮಾಡಿದ.

ಊರೆಲ್ಲ ಅವನನ್ನು ನೋಡಿತು. ಲಕ್ಷ್ಮಿದೇವಮ್ಮ ನೋಡಿದ ರೀತಿ ಬೇರೆಯೇ ಇತ್ತು. ಅವನು ವಾಕ್ಯವನ್ನು ಅಲ್ಲಿಗೇ ಬಿಟ್ಟು, ಆಗಲಿ ಎಂದ.

ಮದುವೆ ಚನ್ನರಾಯಪಟ್ಟಣದ ಛತ್ರದಲ್ಲಿ ನಡೆಯಿತು. ಧಾರೆಯ ದಿನ ಬೆಳಿಗ್ಗೆ ಪುಟ್ಟಸ್ವಾಮಿ ಹೊಸ ಟ್ರಾಕ್ಟರಿನಲ್ಲಿ ಬಂದಿಳಿದ. ಓಡಿಸಿಕೊಂಡು ಬಂದವಳು ಸ್ಪಂದನಾ. ಇವನು ಟ್ರೈಲರಿನಲ್ಲಿ ಬಾಳೆಕಂಬ, ಬಾಳೆಎಲೆ, ತೆಂಗಿನಕಾಯಿಗಳ ಮಧ್ಯೆ ರೇಷ್ಮೆ ಪಂಚೆ ಉಟ್ಟು ನಿಂತಿದ್ದ. ಹಳೇಕೋಟೆಯಿಂದ ಅಷ್ಟು ದೂರ ಅದರಲ್ಲೇ ಬರುವ ಅಗತ್ಯ ಯಾರಿಗೂ ಕಂಡಿರಲಿಲ್ಲ, ಅವನೊಬ್ಬನನ್ನು ಬಿಟ್ಟು.

ಟ್ರಾಕ್ಟರ್ ಛತ್ರದ ಬಾಗಿಲಿಗೆ ಬಂದದ್ದೇ ಗಂಡಸರೆಲ್ಲ ಹೊರಗೆ ಬಂದರು. ಒಬ್ಬರು ಟೈರು ಒತ್ತಿದರು, ಒಬ್ಬರು ಲಿಫ್ಟು ಎತ್ತಿಸಿ ನೋಡಿದರು, ಇಷ್ಟು ಚಿಕ್ಕ ಗಾಡಿ ಅಷ್ಟು ಕಾಯಿ ಎಳೆಯಿತೇ ಎಂದು ಇನ್ನೊಬ್ಬರು ಬಗ್ಗಿ ಅಡಿಯಲ್ಲೆಲ್ಲ ಇಣುಕಿದರು. ಪುಟ್ಟಸ್ವಾಮಿ ಒಬ್ಬೊಬ್ಬರಿಗೂ ಮೊದಲಿನಿಂದ ವಿವರಿಸಿದ. ಒಳಗೆ ವಾಲಗ ಮೊಳಗುತ್ತಲೇ ಇತ್ತು. ಕುರ್ಚಿಗಳು ಖಾಲಿಯಾಗುತ್ತಲೇ ಇದ್ದವು. ತಿಂಡಿಗೆ ಏಳಿ ಎಂದು ಶಶಿಕುಮಾರ್ ಯಾರನ್ನೋ ಕಳಿಸಿದ. ಹೋದವರು ಟ್ರಾಕ್ಟರಿನ ಹತ್ತಿರವೇ ನಿಂತರು. ಇನ್ನೊಬ್ಬರನ್ನು ಕಳಿಸಿದ. ಅವರೂ ನಿಂತರು.

ಕೊನೆಗೆ ಮಗಳ ಮದುವೆಯ ಯಜಮಾನನೇ ಪೇಟ ಸಮೇತ ಹೊರಗೆ ಬಂದ. ಜನ ದಾರಿ ಬಿಟ್ಟರು. ಶಶಿಕುಮಾರ್ ಟ್ರಾಕ್ಟರಿನ ಸುತ್ತ ಒಂದು ಸುತ್ತು ಬಂದ, ಬಾನೆಟ್ ಸವರಿದ, ಸೀಟಿನ ಕಡೆ ಸ್ವಲ್ಪ ಹೆಚ್ಚು ಹೊತ್ತೇ ನೋಡಿದ. ಆ ನೋಟ ಯಾವುದೆಂದು ಪುಟ್ಟಸ್ವಾಮಿಗಿಂತ ಚೆನ್ನಾಗಿ ಬಲ್ಲವರು ಆ ಜಿಲ್ಲೆಯಲ್ಲಿ ಇರಲಿಲ್ಲ.

"ಒಂದ್ ಫೋಟೋ ತಗಸ್ಕಳಾನ ಅಂತ, ಅಣ್ಣ. ಕುಂತ್ಕಳ್ಳಾ?" ಎಂದ ಶಶಿಕುಮಾರ್, ನೆಲ ನೋಡುತ್ತಾ.

"ಕೇಳ್ಬೇಕೇನ್ಲಾ" ಎಂದು ಪುಟ್ಟಸ್ವಾಮಿ ಷಡ್ಡಕನ ಕೈ ಹಿಡಿದು, ಪೇಟ ಬೀಳದಂತೆ ಜೋಪಾನವಾಗಿ ಹತ್ತಿಸಿ, ಸೀಟಿನಲ್ಲಿ ಕೂರಿಸಿ, ಪಂಚೆಯ ಅಂಚು ಸರಿಮಾಡಿದ. ಆಮೇಲೆ ಕೀ ತೆಗೆದು ತನ್ನ ಜೇಬಿನಲ್ಲಿಟ್ಟುಕೊಂಡ.